240 ಮನೆಗಳಿಗೆ ಒಂದೇ ದೂರು: ಹಾಕಬಹುದೇ?

ಪ್ರಶ್ನೆ: ಮೇಡಂ, ನಮಸ್ಕಾರ. ಬೆಂಗಳೂರಿನಿಂದ ಹೊಸಕೋಟೆ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮ ಅಪಾರ್ಟ್‌ಮೆಂಟ್ ಇದೆ. ಮೂರು ಬ್ಲಾಕ್, ಒಟ್ಟು 240 ಮನೆ. ಬಿಲ್ಡರ್ ಕೆಲವರಿಗೆ ಒಂದು ವರ್ಷ, ಇನ್ನು ಕೆಲವರಿಗೆ ಎರಡೂವರೆ ವರ್ಷ ತಡಮಾಡಿ ಕೀ ಕೊಟ್ಟರು. ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ನೆಟ್ಟಗೆ ನಡೆಯುತ್ತಿಲ್ಲ, ಬ್ರೋಷರ್‌ನಲ್ಲಿ ತೋರಿಸಿದ ಕ್ಲಬ್‌ಹೌಸ್ ಅರ್ಧಕ್ಕೆ ನಿಂತಿದೆ, ಓಸಿ (ಕಟ್ಟಡದಲ್ಲಿ ವಾಸಿಸಬಹುದೆಂಬ ಸರ್ಕಾರಿ ಪ್ರಮಾಣಪತ್ರ) ಇನ್ನೂ ಬಂದಿಲ್ಲ. ಅಮೆರಿಕದಲ್ಲಿರುವ ಮಗ "ಅಪ್ಪಾ, ಕ್ಲಾಸ್ ಆ್ಯಕ್ಷನ್ ಹಾಕಿ, ಒಬ್ಬರು ಹಾಕಿದರೆ ಎಲ್ಲರಿಗೂ ದುಡ್ಡು ಬರುತ್ತೆ" ಅನ್ನುತ್ತಾನೆ. ಸಹಿ ಹಾಕಲು ತಯಾರಿರುವವರು 14 ಮಂದಿ. ಉಳಿದವರು "ನೀವು ಮುಂದೆ ಹೋಗಿ, ಹಿಂದೆ ನಾವಿದ್ದೇವೆ" ಅನ್ನುತ್ತಾರೆ. ನಮ್ಮಲ್ಲಿ ಇಂಥ ಕೇಸು ಇದೆಯೇ? ಅಸೋಸಿಯೇಷನ್ ಹೆಸರಿನಲ್ಲೇ ಹಾಕಬಹುದೇ? ಖರ್ಚು ಹೇಗೆ? (ಹೆಸರು ಪ್ರಕಟಿಸಬೇಡಿ.)

ಉತ್ತರ: ಇದೆ. ಇವತ್ತು ನಿನ್ನೆಯದೂ ಅಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 1ನೇ ಆದೇಶ, 8ನೇ ನಿಯಮ ಇದನ್ನೇ ಹೇಳುತ್ತದೆ: ಒಂದೇ ಹಿತಾಸಕ್ತಿಯ ಅನೇಕ ಜನರಿದ್ದಾಗ, ಅವರಲ್ಲಿ ಒಬ್ಬರೋ ಕೆಲವರೋ ಕೋರ್ಟಿನ ಅನುಮತಿ ಪಡೆದು ಎಲ್ಲರ ಪರವಾಗಿ ದಾವೆ ಹೂಡಬಹುದು. ನಿಮ್ಮಂಥ ಗ್ರಾಹಕರಿಗೆ ಅದೇ ಬಾಗಿಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 35(1)(ಸಿ) ಕಲಮಿನಲ್ಲಿದೆ. ಷೇರುದಾರರಿಗೆ, ಠೇವಣಿದಾರರಿಗೆ 2013ರ ಕಂಪನಿ ಕಾಯ್ದೆಯ 245ನೇ ಕಲಮು ಇದೆ. ಬಾಗಿಲುಗಳಿಗೆ ಕೊರತೆಯಿಲ್ಲ. ಆದರೆ ನಿಮ್ಮ ಮಗ ನೋಡಿದ ಬಾಗಿಲು ಇದಲ್ಲ.

ಅಮೆರಿಕದ ಫೆಡರಲ್ ಕೋರ್ಟುಗಳಲ್ಲಿ 1966ರಲ್ಲಿ ತಿದ್ದುಪಡಿಯಾದ 23ನೇ ನಿಯಮದ ಪ್ರಕಾರ ನಷ್ಟಪರಿಹಾರದ ಕೇಸಿನಲ್ಲಿ ಗುಂಪನ್ನು ಕೋರ್ಟು ಒಪ್ಪಿಕೊಂಡರೆ, "ನಾನು ಇದರಲ್ಲಿಲ್ಲ" ಎಂದು ಹೇಳಿ ಹೊರಬರದ ಪ್ರತಿಯೊಬ್ಬರೂ ಅದರೊಳಗೇ ಇರುತ್ತಾರೆ. ಜೊತೆಗೆ ಅಲ್ಲಿನ ವಕೀಲರು ಕೈಯಿಂದ ಖರ್ಚು ಹಾಕಿ, ಗೆದ್ದರೆ ಬಂದ ಹಣದಲ್ಲಿ ಪಾಲು ಪಡೆಯಬಹುದು. ಆ ವ್ಯವಸ್ಥೆಯ ನಿಜವಾದ ಇಂಜಿನ್ ಇದೇ. ಇಲ್ಲಿ ಅದು ಇಲ್ಲ. ಫಲಿತಾಂಶದ ಮೇಲೆ ಫೀಸು ನಿಗದಿ ಮಾಡುವುದನ್ನು, ಬಂದ ಹಣದಲ್ಲಿ ಪಾಲು ಕೇಳುವುದನ್ನು ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮಗಳು ವಕೀಲರಿಗೆ ನಿಷೇಧಿಸಿವೆ. "ಗೆದ್ದ ಮೇಲೆ ಹತ್ತು ಪರ್ಸೆಂಟ್ ಕೊಡಿ ಸಾಕು" ಎನ್ನುವ ವಕೀಲರು ಸಿಕ್ಕರೆ ದೂರ ಇರಿ. ಮೊದಲ ದಿನವೇ ನಿಯಮ ಮುರಿಯಲು ತಯಾರಿರುವವರು ಕೊನೆಯ ದಿನ ಏನು ಮಾಡಿಯಾರು ಎಂದು ಊಹಿಸಬಹುದು.

ಈ ವ್ಯತ್ಯಾಸ ಎಷ್ಟು ದೊಡ್ಡದು ಎನ್ನುವುದಕ್ಕೆ ಸತ್ಯಂ ಹಗರಣ ಸಾಕು. 2009ರ ಜನವರಿಯಲ್ಲಿ ಹೈದರಾಬಾದಿನ ಆ ಕಂಪನಿಯ ಲೆಕ್ಕಪತ್ರವೇ ಸುಳ್ಳು ಎಂದು ಅದರ ಅಧ್ಯಕ್ಷರೇ ಒಪ್ಪಿಕೊಂಡರು. ಅಮೆರಿಕದ ಕೋರ್ಟಿನ ಗುಂಪು ದಾವೆಯಲ್ಲಿ ಹೂಡಿಕೆದಾರರಿಗೆ ಕಂಪನಿ 12.5 ಕೋಟಿ ಡಾಲರ್, ಲೆಕ್ಕಪರಿಶೋಧಕ ಸಂಸ್ಥೆ 2.55 ಕೋಟಿ ಡಾಲರ್ ಕೊಡಲು ಒಪ್ಪಿದವು. ಅದೇ ಕಂಪನಿಯ ಷೇರನ್ನು ಇಲ್ಲಿನ ಪೇಟೆಯಲ್ಲಿ ಕೊಂಡಿದ್ದ ಸಾಮಾನ್ಯ ಜನ ಒಟ್ಟಾಗಿ ಪರಿಹಾರ ಕೇಳಲು ಬಾಗಿಲೇ ಸಿಗದೆ ಉಳಿದರು. ಕಂಪನಿ ಕಾಯ್ದೆಗೆ 245ನೇ ಕಲಮು ಬಂದದ್ದರ ಹಿಂದೆ ಆ ಅವಮಾನವೂ ಇದೆ. ಇರಲಿ, ನಿಮ್ಮದು ಷೇರಿನ ವಿಷಯವಲ್ಲ, ಮನೆಯ ವಿಷಯ.

ಮನೆಯ ವಿಷಯಕ್ಕೆ ಬಂದರೆ, ನೀವು ಓದಲೇಬೇಕಾದ ತೀರ್ಪು ನಿಮ್ಮ ಅಕ್ಕಪಕ್ಕದ್ದೇ. ವೈಟ್‌ಫೀಲ್ಡ್‌ನ ಬ್ರಿಗೇಡ್ ಲೇಕ್‌ಫ್ರಂಟ್ ಎಂಬ ಸಮುಚ್ಚಯದಲ್ಲಿ ಮೂರು ಬ್ಲಾಕ್, 1,134 ಮನೆ. 51 ಮನೆಗಳನ್ನು ಕೊಂಡ 91 ಮಂದಿ ಸೇರಿ, ತಡವಾದದ್ದಕ್ಕೆ ಪರಿಹಾರ ಕೇಳಿ, ಎಲ್ಲ ಖರೀದಿದಾರರ ಪರವಾಗಿ ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟರು. ಆಯೋಗ ಅನುಮತಿ ಕೊಟ್ಟಿತು. ಕಂಪನಿ ಮೇಲ್ಮನವಿ ಹೋಯಿತು. 2021ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಆ ಅನುಮತಿಯನ್ನು ತೆಗೆದುಹಾಕಿತು. ಕೋರ್ಟಿನ ತರ್ಕ ಸರಳ. ಒಂದೊಂದು ಬ್ಲಾಕ್ ಮುಗಿದದ್ದು ಒಂದೊಂದು ಸಮಯಕ್ಕೆ, ತಡವಾದ ಅವಧಿ ಎಲ್ಲರಿಗೂ ಒಂದೇ ಅಲ್ಲ, ಉಳಿದ 1,083 ಮನೆಯವರಲ್ಲಿ ಕೆಲವರಿಗೆ ತಡದ ಬಗ್ಗೆ ತಕರಾರೇ ಇಲ್ಲದಿರಬಹುದು. ಹಾಗಿರುವಾಗ "ಎಲ್ಲರ ಹಿತಾಸಕ್ತಿ ಒಂದೇ" ಎನ್ನಲು ದೂರಿನಲ್ಲಿ ಆಧಾರವೇನಿದೆ?

ಆದರೆ ಕೋರ್ಟು ಅವರನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಎಲ್ಲರ ಪರವಾಗಿ ಎನ್ನುವುದು ಆಗದಿದ್ದರೆ ಆಗದಿರಲಿ, ಸಹಿ ಹಾಕಿದ ಅಷ್ಟೂ ಜನ ತಮ್ಮ ತಮ್ಮ ಪರವಾಗಿ ಸೇರಿ ಒಂದೇ ಜಂಟಿ ದೂರು ನಡೆಸಬಹುದು ಎಂದಿತು. ಕಾಯ್ದೆಯ ಭಾಷೆಯಲ್ಲಿ ಏಕವಚನ ಇದ್ದ ಮಾತ್ರಕ್ಕೆ ಒಬ್ಬೊಬ್ಬರೇ ಬೇರೆ ಬೇರೆ ಫೈಲು ಹಿಡಿದು ಬರಬೇಕಾಗಿಲ್ಲ ಎಂದೂ ಸ್ಪಷ್ಟಪಡಿಸಿತು.

ನಿಮಗೆ ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲೇ ಇದೆ. ಗುಂಪು ದೂರು ನಿಲ್ಲುವುದು ತಲೆ ಎಣಿಕೆಯ ಮೇಲಲ್ಲ. 14 ಜನ ಸಾಲದು, 140 ಆದರೆ ಆದೀತು ಎಂಬ ಲೆಕ್ಕ ತಪ್ಪು. ನಾಲ್ಕೇ ಜನ ಮುಂದೆ ನಿಂತರೂ, ಎಲ್ಲರ ದೂರು ಒಂದೇ ಆಗಿದ್ದು ಎಲ್ಲರೂ ಕೇಳುವ ಪರಿಹಾರವೂ ಒಂದೇ ಆಗಿದ್ದರೆ ಅದು ನಿಲ್ಲುತ್ತದೆ. ನಿಮ್ಮ ಪತ್ರದಲ್ಲಿ ಒಂದೇ ಉಸಿರಿನಲ್ಲಿ ಹೇಳಿರುವ ನಾಲ್ಕು ಸಂಕಟಗಳು ಈ ಕಣ್ಣಿಗೆ ನಾಲ್ಕು ಬೇರೆ ಬೇರೆ ವಸ್ತುಗಳು.

ಮೊದಲು ತಡದ ವಿಷಯ. ನಿಮ್ಮ ಅಗ್ರಿಮೆಂಟ್ ತೆಗೆದು ಪಕ್ಕದ ಮನೆಯವರದ್ದರ ಜೊತೆ ಇಟ್ಟು ನೋಡಿ. ಸಹಿಯಾದ ದಿನ ಬೇರೆ, ಕೀ ಕೊಡುತ್ತೇವೆಂದ ದಿನ ಬೇರೆ, ಗ್ರೇಸ್ ಅವಧಿ ಒಬ್ಬರಿಗೆ ಆರು ತಿಂಗಳು ಇನ್ನೊಬ್ಬರಿಗೆ ಮೂರು ಇದ್ದರೂ ಇರಬಹುದು. ಒಬ್ಬರು ಕಂತು ಸರಿಯಾಗಿ ಕಟ್ಟಿರುತ್ತಾರೆ, ಇನ್ನೊಬ್ಬರ ಬ್ಯಾಂಕ್ ಸಾಲ ಮಂಜೂರಾಗಲು ತಡವಾಗಿರುತ್ತದೆ. ಕೆಲವರು ಕೀ ಪಡೆಯುವಾಗ "ನಮ್ಮದೇನೂ ಬಾಕಿ ತಕರಾರಿಲ್ಲ" ಎಂಬ ಕಾಗದಕ್ಕೆ ಸಹಿ ಹಾಕಿಯೂ ಇರುತ್ತಾರೆ. ಇದನ್ನು 240 ಮನೆಗಳ ಹೆಸರಿನಲ್ಲಿ ಒಂದೇ ದೂರಾಗಿ ಕೊಂಡೊಯ್ದರೆ, ಲೇಕ್‌ಫ್ರಂಟ್ ತೀರ್ಪನ್ನು ಬಿಲ್ಡರ್ ಪರ ವಕೀಲರು ಮೊದಲ ಹಿಯರಿಂಗ್‌ನಲ್ಲೇ ಟೇಬಲ್ ಮೇಲಿಡುತ್ತಾರೆ. ಅನುಮತಿಯ ಪ್ರಶ್ನೆಗೇ ಒಂದೆರಡು ವರ್ಷ ಹೋಗುತ್ತದೆ.

ಎಸ್‌ಟಿಪಿ, ಕ್ಲಬ್‌ಹೌಸ್, ಓಸಿ ಹಾಗಲ್ಲ. ಎಸ್‌ಟಿಪಿಯ ಕೆಟ್ಟ ವಾಸನೆ ಬ್ಲಾಕ್ ನೋಡಿ ಬರುವುದಿಲ್ಲ. ಓಸಿ ಇಲ್ಲವೆಂದರೆ ಎಲ್ಲರಿಗೂ ಇಲ್ಲ (ಒಂದು ಬ್ಲಾಕಿಗೆ ಭಾಗಶಃ ಓಸಿ ಬಂದಿದೆಯೇ ಎಂದು ಮಾತ್ರ ವಿಚಾರಿಸಿಕೊಳ್ಳಿ). ಬೇಡುವ ಪರಿಹಾರವೂ ಒಂದೇ: ಓಸಿ ತಂದುಕೊಡಿ, ಎಸ್‌ಟಿಪಿ ಸರಿಮಾಡಿ, ಕ್ಲಬ್‌ಹೌಸ್ ಮುಗಿಸಿ. 35(1)(ಸಿ)ಗೆ ಹೇಳಿ ಮಾಡಿಸಿದ ದೂರು ಇದು. 1990ರಲ್ಲಿ ತಮಿಳುನಾಡು ಗೃಹ ಮಂಡಳಿಯ ಪ್ರಕರಣದಲ್ಲಿ ಮಂಡಳಿ ಒಬ್ಬೊಬ್ಬ ಹಂಚಿಕೆದಾರರಿಗೂ (ಮನೆ ಹಂಚಿಕೆಯಾದವರಿಗೂ) ಪ್ರತ್ಯೇಕ ಹೆಚ್ಚುವರಿ ಡಿಮ್ಯಾಂಡ್ ನೋಟಿಸ್ ಕೊಟ್ಟಿತ್ತು, ಆದ್ದರಿಂದ ಗುಂಪು ದಾವೆ ನಿಲ್ಲದು ಎಂದು ವಾದಿಸಿತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನೋಟಿಸು ಬೇರೆ ಬೇರೆ ಇರಲಿ, ಮತ್ತೆ ದುಡ್ಡು ಕೇಳುವ ಹಕ್ಕು ಮಂಡಳಿಗಿದೆಯೇ ಎಂಬ ಪ್ರಶ್ನೆ ಎಲ್ಲರಿಗೂ ಒಂದೇ ತಾನೆ ಎಂದಿತು. ಈ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟರೆ ನಿಮ್ಮ ಗೆರೆ ಎಲ್ಲಿ ಎಳೆಯಬೇಕು ಎನ್ನುವುದು ತಿಳಿಯುತ್ತದೆ.

ಹಾಗಾದರೆ ತಡಕ್ಕೆ ಪರಿಹಾರ ಬಿಟ್ಟುಬಿಡಬೇಕೇ? ಖಂಡಿತ ಬೇಡ. ಅದಕ್ಕೆ ಜಂಟಿ ದೂರು ಸಾಕು. ಬೇಗೂರಿನ ಡಿಎಲ್‌ಎಫ್ ಅಪಾರ್ಟ್‌ಮೆಂಟ್‌ನಲ್ಲಿ ಮನೆ ಕೊಂಡಿದ್ದ 339 ಮಂದಿಯ ಪ್ರಕರಣ ನೋಡಿ. ಎರಡರಿಂದ ನಾಲ್ಕು ವರ್ಷ ತಡ. ಅಗ್ರಿಮೆಂಟ್‌ನಲ್ಲಿ ತಿಂಗಳಿಗೆ ಚದರಡಿಗೆ ₹5 ಪರಿಹಾರ ಎಂದಿತ್ತು, ಅಷ್ಟೇ. ರಾಷ್ಟ್ರೀಯ ಆಯೋಗ ದೂರನ್ನು ವಜಾ ಮಾಡಿತು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, ಕಟ್ಟಿದ ಹಣದ ಮೇಲೆ ವರ್ಷಕ್ಕೆ ಶೇ 6ರ ಸರಳ ಬಡ್ಡಿಯನ್ನು ಅಗ್ರಿಮೆಂಟ್ ಪರಿಹಾರದ ಜೊತೆಗೆ ಹೆಚ್ಚುವರಿಯಾಗಿ ಕೊಡಲು ಹೇಳಿತು. ಇದರ ತೂಕ ಲೆಕ್ಕದಲ್ಲಿ ನೋಡಿ. 1,200 ಚದರಡಿಯ ಮನೆಗೆ ಚದರಡಿಗೆ ಐದು ರೂಪಾಯಿಯಂತೆ ತಿಂಗಳಿಗೆ ₹6,000. ಅದೇ ಮನೆಗೆ ನೀವು 70 ಲಕ್ಷ ಕಟ್ಟಿದ್ದರೆ ಶೇ 6ರ ಬಡ್ಡಿ ತಿಂಗಳಿಗೆ ₹35,000. ಅಗ್ರಿಮೆಂಟ್‌ನಲ್ಲಿ ಬರೆದದ್ದೇ ಕೊನೆಯ ಮಾತು ಎಂದು ಬಿಲ್ಡರ್ ಆಫೀಸಿನಲ್ಲಿ ಹೇಳಿದರೆ ತಲೆಯಾಡಿಸಿ ಬರಬೇಡಿ. ಕ್ರಯಪತ್ರ ಮಾಡಿಸಿಕೊಂಡ ಮಾತ್ರಕ್ಕೆ ಪರಿಹಾರ ಕೇಳುವ ಹಕ್ಕು ಹೋಗುವುದಿಲ್ಲ ಎಂದೂ ಆ ತೀರ್ಪು ಹೇಳಿದೆ. ಆದರೆ ಬಿಲ್ಡರ್ ಜೊತೆ ಮೊದಲೇ ರಾಜಿ ಮಾಡಿಕೊಂಡವರಿಗೆ ಅದರಲ್ಲಿ ಏನೂ ಸಿಗಲಿಲ್ಲ.

ಅಸೋಸಿಯೇಷನ್ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ಕರ್ನಾಟಕದವರು ಬಹಳ ಜನ ಎಡವುತ್ತಾರೆ. "ನಮ್ಮದು ರಿಜಿಸ್ಟರ್ ಆದ ಅಸೋಸಿಯೇಷನ್, ಅಧ್ಯಕ್ಷರು ಸಹಿ ಹಾಕಿದರೆ ಮುಗಿಯಿತು" ಎಂದುಕೊಂಡು ಗ್ರಾಹಕ ಆಯೋಗಕ್ಕೆ ಹೋಗುತ್ತಾರೆ. ಶೋಭಾ ಹಿಬಿಸ್ಕಸ್ ಕಾಂಡೊಮಿನಿಯಂ ಪ್ರಕರಣದಲ್ಲಿ 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನೆಂದರೆ, 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಡಿಕ್ಲರೇಷನ್ ಮೂಲಕ ಹುಟ್ಟಿದ ಸಂಘ ಕಾನೂನಿನ ಅಗತ್ಯದಿಂದ ಹುಟ್ಟಿದ್ದು, ಅದು ಗ್ರಾಹಕರ ಸ್ವಯಂಸೇವಾ ಸಂಘವಲ್ಲ, ಆದ್ದರಿಂದ ಗ್ರಾಹಕ ದೂರು ಕೊಡುವಂತಿಲ್ಲ. ನನಗೆ ಈ ತೀರ್ಪು ಅಷ್ಟು ಇಷ್ಟವಿಲ್ಲ. ಸಾಮಾನ್ಯ ಸೌಲಭ್ಯಗಳ ಕೊರತೆಯ ಬಗ್ಗೆ ಮಾತಾಡಲು ಮನೆ ಮಾಲೀಕರ ಸಂಘಕ್ಕಿಂತ ಯೋಗ್ಯರು ಯಾರು? ಆದರೂ ಇವತ್ತಿನ ಮಟ್ಟಿಗೆ ಕಾನೂನು ಅದೇ. ನಿಮ್ಮ ಅಸೋಸಿಯೇಷನ್ ಯಾವ ಕಾಯ್ದೆಯಡಿ ನೋಂದಣಿಯಾಗಿದೆ ಎಂದು ಮೊದಲು ಪತ್ರ ತೆಗೆದು ನೋಡಿ. 1972ರ ಕಾಯ್ದೆಯದ್ದಾಗಿದ್ದರೆ ಗ್ರಾಹಕ ಆಯೋಗದಲ್ಲಿ ಅದರ ಹೆಸರು ಬೇಡ, ಮಾಲೀಕರೇ ದೂರುದಾರರಾಗಲಿ.

ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ) ಮಾತ್ರ ಈ ತೊಡಕಿಲ್ಲ. 2016ರ ರೇರಾ ಕಾಯ್ದೆಯ 31ನೇ ಕಲಮು ಹಂಚಿಕೆದಾರರ ಸಂಘಕ್ಕೂ ದೂರು ಕೊಡುವ ಹಕ್ಕು ಕೊಟ್ಟಿದೆ. ಯೋಜನೆ ರೇರಾದಲ್ಲಿ ನೋಂದಣಿಯಾಗಿದ್ದರೆ, ಕ್ಲಬ್‌ಹೌಸ್, ಎಸ್‌ಟಿಪಿ, ಓಸಿಯಂಥ ಸಾಮಾನ್ಯ ವಿಷಯಗಳನ್ನು ಅಸೋಸಿಯೇಷನ್ ಮೂಲಕ ಅಲ್ಲಿಗೇ ಕೊಂಡೊಯ್ಯುವುದು ನನಗೆ ಸರಿ ಕಾಣುತ್ತದೆ. 14 ಜನ ತಮ್ಮ ತಡದ ಪರಿಹಾರಕ್ಕೆ ಜಂಟಿಯಾಗಿ ಗ್ರಾಹಕ ಆಯೋಗಕ್ಕೆ ಹೋಗಲಿ. ರೇರಾ ಇದ್ದ ಮಾತ್ರಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಒಂದೇ ಪರಿಹಾರವನ್ನು ಎರಡೂ ಕಡೆ ಬೇಡಬಾರದು, ಅಷ್ಟೇ. ರೇರಾದ ದೌರ್ಬಲ್ಯವೂ ಗೊತ್ತಿರಲಿ. ಆದೇಶ ಸಿಗುವುದು ಒಂದು, ಹಣ ಕೈಗೆ ಬರುವುದು ಇನ್ನೊಂದು. ಬಿಲ್ಡರ್ ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿಗೆ ಜಿಲ್ಲಾಧಿಕಾರಿ ಕಚೇರಿಗೆ ಫೈಲು ಹೋಗುತ್ತದೆ. ಅಲ್ಲಿಂದ ಮುಂದೆ ತಹಶೀಲ್ದಾರರ ಬಾಗಿಲು ಕಾಯುವ ತಾಳ್ಮೆ ಬೇಕು.

ಗ್ರಾಹಕ ಆಯೋಗ ಎಂದರೆ ಯಾವುದು? 2021ರ ಡಿಸೆಂಬರ್‌ನ ನಿಯಮಗಳ ಪ್ರಕಾರ, ನೀವು ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, ಅದರ ಮೇಲೆ 2 ಕೋಟಿಯವರೆಗೆ ರಾಜ್ಯ ಆಯೋಗ, ಇನ್ನೂ ಮೇಲಿದ್ದರೆ ದೆಹಲಿಯ ರಾಷ್ಟ್ರೀಯ ಆಯೋಗ. ಗುಂಪು ದೂರಿನಲ್ಲಿ ಎಲ್ಲರ ಮೊತ್ತವನ್ನೂ ಕೂಡಿಸಿ ನೋಡಬೇಕು ಎಂದು ರಾಷ್ಟ್ರೀಯ ಆಯೋಗದ ದೊಡ್ಡ ಪೀಠ 2016ರಲ್ಲಿ, ಹಳೆಯ ಕಾಯ್ದೆಯಡಿ, ಹೇಳಿತ್ತು. ಹಾಗೆ ಕೂಡಿಸಿದರೆ ನೀವು ನೇರ ದೆಹಲಿಗೆ. ಆನ್‌ಲೈನ್ ಫೈಲಿಂಗ್, ವಿಡಿಯೊ ಹಿಯರಿಂಗ್ ಎಲ್ಲ ಇದ್ದರೂ ದೆಹಲಿಯ ವಕೀಲರ ಫೀಸು ಬೆಂಗಳೂರಿನದಲ್ಲ.

ಅದರಿಂದ ಖರ್ಚಿನ ಮಾತು. ಕೋರ್ಟ್ ಶುಲ್ಕ ಹೆದರುವಂಥದ್ದಲ್ಲ, ಸಾವಿರಗಳ ಲೆಕ್ಕ. ಗುಂಪು ದೂರಿಗೆ ಅನುಮತಿ ಸಿಕ್ಕರೆ ಎಲ್ಲ ಆಸಕ್ತರಿಗೂ ನೋಟಿಸ್ ಹೋಗಬೇಕು. ಜನ ಹೆಚ್ಚಿದ್ದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಆ ಜಾಹೀರಾತಿನ ಬಿಲ್ಲು ದೂರುದಾರರ ತಲೆಗೇ. ಉಳಿದದ್ದು ವಕೀಲರ ಫೀಸು. ಅನುಭವದಿಂದ ಒಂದು ಮಾತು: ವಾಟ್ಸಾಪ್ ಗುಂಪಿನಲ್ಲಿ "ಓಕೆ" ಎಂದು ಹೆಬ್ಬೆರಳು ತೋರಿಸಿದವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಂದು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು, ಮನೆಗಿಷ್ಟು ಎಂದು ಮುಂಗಡ ಹಾಕಿಸಿ. ದುಡ್ಡು ಹಾಕಿದವರೇ ನಿಮ್ಮ ನಿಜವಾದ ಸಂಖ್ಯೆ. ಲೆಕ್ಕವನ್ನು ತಿಂಗಳಿಗೊಮ್ಮೆ ಎಲ್ಲರಿಗೂ ಕಳಿಸಿ. ಬಿಲ್ಡರ್‌ಗಿಂತ ಹೆಚ್ಚು ಕೇಸುಗಳನ್ನು ಒಳಜಗಳ ಮುರಿದದ್ದನ್ನು ನೋಡಿದ್ದೇನೆ, ಆ ಜಗಳ ಬಹುಮಟ್ಟಿಗೆ ಲೆಕ್ಕದ ಪುಸ್ತಕದಲ್ಲೇ ಹುಟ್ಟಿರುತ್ತದೆ.

ಒಳಜಗಳದ ಇನ್ನೊಂದು ಮೂಲ ರಾಜಿ. ಕೇಸು ಸ್ವಲ್ಪ ಬಿಗಿಯಾದ ಕೂಡಲೇ ಬಿಲ್ಡರ್ ಕಡೆಯವರು ಮುಂದೆ ನಿಂತ ಇಬ್ಬರು ಮೂವರನ್ನು ಕಾಫಿಗೆ ಕರೆಯುತ್ತಾರೆ. ಒಂದು ಕಾರ್ ಪಾರ್ಕಿಂಗ್, ಮೆಂಟೆನೆನ್ಸ್ ಬಾಕಿ ಮನ್ನಾ, ಇಷ್ಟಕ್ಕೇ ಮುಗಿದುಹೋದ ಹೋರಾಟಗಳಿವೆ. ಗುಂಪು ದೂರಿನಲ್ಲಿ ಇದಕ್ಕೆ ಕಾನೂನಿನ ಬೇಲಿ ಇದೆ. 8ನೇ ನಿಯಮದ ಪ್ರಕಾರ ಮುಂದಾಳುಗಳು ಎಲ್ಲ ಆಸಕ್ತರಿಗೂ ನೋಟಿಸ್ ಹೋಗದೆ ದೂರನ್ನು ಹಿಂಪಡೆಯುವಂತಿಲ್ಲ, ರಾಜಿ ಮಾಡಿಕೊಳ್ಳುವಂತಿಲ್ಲ. ಜಂಟಿ ದೂರಿನಲ್ಲಿ ಅಂಥ ಬೇಲಿ ಇಲ್ಲ, ಪ್ರತಿಯೊಬ್ಬರೂ ತಮ್ಮ ಪಾಲಿಗೆ ಸ್ವತಂತ್ರರು. ಆದ್ದರಿಂದ ಯಾರೂ ಒಬ್ಬಂಟಿಯಾಗಿ ಮಾತುಕತೆಗೆ ಹೋಗುವುದಿಲ್ಲ ಎಂದು ನೀವೇ ಮೊದಲು ಬರೆದಿಟ್ಟುಕೊಳ್ಳಿ.

ಈ ಬೇಲಿ ಏಕೆ ಬೇಕು ಎನ್ನುವುದಕ್ಕೆ ಭೋಪಾಲ್‌ಗಿಂತ ದೊಡ್ಡ ಪಾಠ ಈ ದೇಶದಲ್ಲಿಲ್ಲ. 1984ರ ಅನಿಲ ದುರಂತದ ನಂತರ 1985ರ ವಿಶೇಷ ಕಾಯ್ದೆಯಿಂದ ಎಲ್ಲ ಸಂತ್ರಸ್ತರ ಪರವಾಗಿ ಕೇಸು ನಡೆಸುವ ಹಕ್ಕನ್ನು ಕೇಂದ್ರ ಸರ್ಕಾರ ತಾನೇ ತೆಗೆದುಕೊಂಡಿತು. ಕೇಳಿದ್ದು 330 ಕೋಟಿ ಡಾಲರ್. 1989ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ 47 ಕೋಟಿ ಡಾಲರ್‌ಗೆ ರಾಜಿಯಾಯಿತು. ಯಾರ ಶ್ವಾಸಕೋಶ ಸುಟ್ಟಿತ್ತೋ ಅವರನ್ನು ಯಾರೂ ಕೇಳಲಿಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಕಾಯ್ದೆಯ ಸಿಂಧುತ್ವದ ತೀರ್ಪು ಕೊಡುವಾಗ, ರಾಜಿಗೆ ಮೊದಲು ಸಂತ್ರಸ್ತರ ಮಾತು ಕೇಳಬೇಕಿತ್ತು ಎಂದು ಕೋರ್ಟೇ ಒಪ್ಪಿಕೊಂಡಿತು, ರಾಜಿ ಮಾತ್ರ ಬೀಳಲಿಲ್ಲ. ಹೆಚ್ಚಿನ ಪರಿಹಾರ ಕೇಳಿ ಸರ್ಕಾರ ಸಲ್ಲಿಸಿದ್ದ ಕ್ಯುರೇಟಿವ್ ಅರ್ಜಿ (ಅಂತಿಮ ತೀರ್ಪನ್ನೂ ಸರಿಪಡಿಸಲು ಕೋರುವ ಕೊನೆಯ ಅರ್ಜಿ) 2023ರ ಮಾರ್ಚ್‌ನಲ್ಲಿ ವಜಾ ಆಯಿತು. ನಿಮ್ಮ ಅಪಾರ್ಟ್‌ಮೆಂಟಿನ ಕಷ್ಟಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಆದರೆ ಇನ್ನೊಬ್ಬರು ನಮ್ಮ ಪರವಾಗಿ ಸಹಿ ಹಾಕುವಾಗ ಆಗುವ ಅಪಾಯದ ಸ್ವರೂಪ ಒಂದೇ.

ಹಿಂದೆ ನಿಂತವರಿಗೆ ಇದನ್ನು ಓದಿ ಹೇಳಿ. ಜಂಟಿ ದೂರಾದರೆ ಸಹಿ ಹಾಕದವರಿಗೆ ಒಂದು ರೂಪಾಯಿಯೂ ಬರುವುದಿಲ್ಲ, 14 ಜನ ಗೆದ್ದರೆ 14 ಜನಕ್ಕೆ. 35(1)(ಸಿ) ದೂರಾದರೆ ಅವರೂ ಒಳಗೇ ಇರುತ್ತಾರೆ, ಆದರೆ ಸೋತರೂ ಒಳಗೇ. ಅದೇ ವಿಷಯಕ್ಕೆ ಮತ್ತೆ ತಾವೇ ಬೇರೆ ಕೇಸು ಹಾಕುವಂತಿಲ್ಲ, ತೀರ್ಪು ಅವರನ್ನೂ ಕಟ್ಟಿಹಾಕುತ್ತದೆ. ನೋಟಿಸ್ ಬಂದಾಗ ಆಯೋಗದ ಮುಂದೆ ಹಾಜರಾಗಿ ಪಕ್ಷಗಾರರಾಗುವ ಹಕ್ಕು ಅವರಿಗಿದೆ. ಸುಮ್ಮನಿದ್ದು ಆಮೇಲೆ "ನಮಗೆ ಗೊತ್ತೇ ಇರಲಿಲ್ಲ" ಎಂದರೆ ನಡೆಯದು.

ಕೊನೆಗೆ, ನೀವು ಕೇಳದಿದ್ದರೂ ಎಲ್ಲಕ್ಕಿಂತ ತುರ್ತಿನ ವಿಷಯ ಕಾಲಮಿತಿ. ಗ್ರಾಹಕ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ. ಓಸಿ ವಿಷಯದಲ್ಲಿ ನಿಮಗೆ ಉಸಿರಾಡಲು ಜಾಗವಿದೆ. ಓಸಿ ಕೊಡದಿರುವುದು ಮುಂದುವರಿಯುತ್ತಲೇ ಇರುವ ತಪ್ಪು ಎಂದು ಮುಂಬೈಯ ಸಮೃದ್ಧಿ ಸೊಸೈಟಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಹೇಳಿದೆ. ಅಲ್ಲಿನ ನಿವಾಸಿಗಳು ಓಸಿ ಇಲ್ಲದ ಕಾರಣಕ್ಕೆ ವರ್ಷಗಟ್ಟಲೆ ಶೇ 25 ಹೆಚ್ಚು ಆಸ್ತಿ ತೆರಿಗೆ, ಶೇ 50 ಹೆಚ್ಚು ನೀರಿನ ಬಿಲ್ಲು ಕಟ್ಟುತ್ತಿದ್ದರು. ನಿಮ್ಮಲ್ಲೂ ಹಾಗೆ ಹೆಚ್ಚುವರಿ ಕಟ್ಟಿದ ರಸೀದಿಗಳಿದ್ದರೆ ಒಂದನ್ನೂ ಎಸೆಯಬೇಡಿ. ತಡದ ಪರಿಹಾರಕ್ಕೆ ಮಾತ್ರ ಈ ನೆಮ್ಮದಿಯನ್ನು ನಂಬಿ ಕೂರಬೇಡಿ, ಕೀ ಕೈಗೆ ಬಂದ ದಿನದಿಂದಲೇ ಎರಡು ವರ್ಷ ಎಣಿಸುವುದು ಕ್ಷೇಮ. ತಡವಾದದ್ದಕ್ಕೆ ಸಕಾರಣ ತೋರಿಸಿದರೆ ಆಯೋಗ ಮನ್ನಿಸಬಹುದು, ಮನ್ನಿಸಲೇಬೇಕೆಂದಿಲ್ಲ. ಮೊದಲು ಕೀ ಸಿಕ್ಕ ಬ್ಲಾಕ್ ಯಾವುದು, ಅದು ಯಾವ ತಿಂಗಳು ಎಂದು ನೀವು ಬರೆದಿಲ್ಲ. ಆ ಬ್ಲಾಕಿನವರಿಗೆ ಎರಡು ವರ್ಷ ಹತ್ತಿರವಾಗಿದ್ದರೆ ಉಳಿದವರ ಸಹಿಗೆ ಕಾಯದೆ, ಇರುವಷ್ಟು ಜನ ಈ ತಿಂಗಳೇ ಜಂಟಿ ದೂರು ಸಲ್ಲಿಸಿ. ಆಮೇಲೆ ಮನಸ್ಸು ಮಾಡಿದವರು ತಮ್ಮ ಕಾಲಮಿತಿ ಮುಗಿಯುವ ಮೊದಲು ಇನ್ನೊಂದು ದೂರು ಹಾಕಿ, ಎರಡನ್ನೂ ಒಟ್ಟಿಗೆ ವಿಚಾರಣೆಗೆ ತೆಗೆದುಕೊಳ್ಳಲು ಆಯೋಗವನ್ನು ಕೋರಬಹುದು.